ಸ್ಕಾಟ್ಲೆಂಡಿನಲ್ಲಿ ವಿಲ್: ಮಗನನ್ನೋ ಮಗಳನ್ನೋ ಪೂರ್ತಿ ಕೈಬಿಡಲು ಆಗುತ್ತಾ?

"ನನ್ನ ದೊಡ್ಡ ಮಗನಿಗೆ ಚಿಕ್ಕಾಸೂ ಹೋಗಬಾರದು." ಹೀಗೆ ವಿಲ್‌ನಲ್ಲಿ ಬರೆದು ಸಹಿ ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಜಾಸ್ತಿ. ಸ್ಕಾಟ್ಲೆಂಡಿನಲ್ಲಿ ಆ ಮಾತಿನಿಂದ ಅರ್ಧ ಕೆಲಸವೂ ಆಗುವುದಿಲ್ಲ. ಅಲ್ಲಿನ ಕಾನೂನು ತಂದೆತಾಯಿಯ ಚರ ಆಸ್ತಿಯಲ್ಲಿ ಮಕ್ಕಳಿಗೆ ಒಂದು ಪಾಲನ್ನು ಕಟ್ಟಿಟ್ಟಿದೆ. ಅದಕ್ಕೆ ಲೀಗಲ್ ರೈಟ್ಸ್ ಎನ್ನುತ್ತಾರೆ. ಮಕ್ಕಳ ಪಾಲಿಗೆ ಲೆಜಿಟಿಮ್ ಅಂತಲೂ, ಹಳೆಯ ಸ್ಕಾಟ್ಸ್ ಮಾತಿನಲ್ಲಿ ಬೇರ್ನ್ಸ್ ಪಾರ್ಟ್ ಅಂತಲೂ ಹೆಸರಿದೆ. ವಿಲ್ ಏನೇ ಹೇಳಲಿ, ಮಗ ಬಂದು ಕೇಳಿದರೆ ಆ ಪಾಲನ್ನು ಕೊಡಲೇಬೇಕು. ಅವನಿಗೆ ನಲವತ್ತು ವರ್ಷ ಆಗಿರಲಿ, ಕೈತುಂಬ ಸಂಬಳ ಇರಲಿ, ಇಪ್ಪತ್ತು ವರ್ಷದಿಂದ ಫೋನು ಕೂಡ ಮಾಡದೆ ಇರಲಿ, ಹಕ್ಕು ಹಕ್ಕೇ. ನ್ಯಾಯಾಲಯ "ಇವನು ಯೋಗ್ಯನಾ?" ಎಂದು ಕೇಳುವುದೇ ಇಲ್ಲ.

ಹಾಗಂತ ಏನೂ ಮಾಡುವಂತಿಲ್ಲ ಎಂದೇನಲ್ಲ. ಮಾಡುವ ಕೆಲಸ ಇರುವುದು ವಿಲ್‌ನ ಖಾರವಾದ ಮಾತುಗಳಲ್ಲಿ ಅಲ್ಲ. ನೀವು ತೀರಿಕೊಂಡ ದಿನ ನಿಮ್ಮ ಆಸ್ತಿ ಯಾವ ರೂಪದಲ್ಲಿ ಇರುತ್ತದೆ ಅನ್ನುವುದರಲ್ಲಿ.

ಕೈಬಿಡುವುದು ಎಂದರೆ ಸಿಟ್ಟೇ ಇರಬೇಕಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಬ್ಬ ಮಗನಿಗೆ ಮನೆ ಕೊಳ್ಳಲು ಆಗಲೇ ಕೈತುಂಬ ಕೊಟ್ಟಿರಬಹುದು. ಇನ್ನೊಬ್ಬ ಮಗಳು ನೌಕರಿ ಬಿಟ್ಟು ನಿಮ್ಮನ್ನು ನೋಡಿಕೊಂಡಿರಬಹುದು. ಲೆಕ್ಕ ಸರಿ ಮಾಡಬೇಕು ಅನ್ನಿಸುವುದು ಸಹಜ ಅಲ್ವಾ.

ಮೊದಲು: ಸ್ಕಾಟ್ಲೆಂಡಿನ ಕಾನೂನು ನಿಮಗೆ ಅನ್ವಯಿಸುತ್ತಾ?

ಗ್ಲಾಸ್ಗೋದಲ್ಲೋ ಅಬರ್ಡೀನಿನಲ್ಲೋ ವಾಸ ಇದ್ದ ಮಾತ್ರಕ್ಕೆ ಅನ್ವಯಿಸುತ್ತದೆ ಎಂದು ತಿಳಿಯಬೇಡಿ. ಚರ ಆಸ್ತಿಯ ವಿಷಯದಲ್ಲಿ ಸಾಯುವ ಹೊತ್ತಿಗೆ ನಿಮ್ಮ ಡೊಮಿಸೈಲ್ ಎಲ್ಲಿತ್ತು ಅನ್ನುವುದೇ ಮುಖ್ಯ. ಡೊಮಿಸೈಲ್ ಅಂದರೆ ಪಾಸ್‌ಪೋರ್ಟ್ ಅಲ್ಲ, ವೀಸಾ ಅಲ್ಲ. ನೀವು ಕಾಯಂ ಆಗಿ ನೆಲೆ ಅಂದುಕೊಂಡ ಜಾಗ. ಹುಟ್ಟಿದಾಗ ಸಾಮಾನ್ಯವಾಗಿ ತಂದೆತಾಯಿಯ ಡೊಮಿಸೈಲ್ ಬರುತ್ತದೆ. ಅದನ್ನು ಬಿಟ್ಟು ಸ್ಕಾಟ್ಲೆಂಡನ್ನೇ ನೆಲೆ ಮಾಡಿಕೊಂಡಿದ್ದೀರಿ ಎಂದು ತೋರಿಸಲು ಅಲ್ಲಿ ವಾಸವೂ ಇರಬೇಕು, ಅಲ್ಲೇ ಇರುವ ಮನಸ್ಸೂ ಇರಬೇಕು. ನಿವೃತ್ತಿ ಆದ ಮೇಲೆ ಮೈಸೂರಿಗೆ ವಾಪಸ್ ಹೋಗುತ್ತೇವೆ ಎಂದು ನಿಜವಾಗಿಯೂ ಗಟ್ಟಿ ಮಾಡಿಕೊಂಡ ದಂಪತಿ ಎಡಿನ್‌ಬರೋದಲ್ಲಿ ಎಷ್ಟೋ ವರ್ಷ ಇದ್ದರೂ ಭಾರತದ ಡೊಮಿಸೈಲಿನಲ್ಲೇ ಇರಬಹುದು. ಮೊಮ್ಮಕ್ಕಳು ಹುಟ್ಟಿ, ಊರಿನ ಮನೆ ಮಾರಿ, "ಇನ್ನೆಲ್ಲಿಗೆ ಹೋಗೋದು" ಅಂದವರ ಕಥೆ ಬೇರೆ. ಅದೇ ನೀವು ಮ್ಯಾಂಚೆಸ್ಟರಿಗೆ ಹೋಗಿ ಅಲ್ಲೇ ನೆಲೆಸಿದರೆ ಇಂಗ್ಲೆಂಡಿನ ಕಾನೂನು ಬರುತ್ತದೆ. ಅಲ್ಲಿ ಮಕ್ಕಳಿಗೆ ಇಂಥ ಖಚಿತ ಪಾಲಿಲ್ಲ. ಸತ್ತವರ ಆಸ್ತಿಯ ಬಗೆಗಿನ 1975ರ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋಗಿ ಜೀವನಾಂಶಕ್ಕಾಗಿ ಕೇಳಬಹುದು, ಅಷ್ಟೇ.

ಒಂದು ಎಚ್ಚರಿಕೆ. 2025ರ ಏಪ್ರಿಲಿನಿಂದ ಬ್ರಿಟನ್ನಿನ ಇನ್‌ಹೆರಿಟೆನ್ಸ್ ಟ್ಯಾಕ್ಸ್ (ಸತ್ತವರ ಆಸ್ತಿಯ ಮೇಲಿನ ತೆರಿಗೆ) ಡೊಮಿಸೈಲ್ ಬಿಟ್ಟು ವಾಸದ ವರ್ಷಗಳನ್ನು ನೋಡುತ್ತದೆ. ಅದು ತೆರಿಗೆಗೆ ಮಾತ್ರ. ಪಾಲಿನ ವಿಷಯಕ್ಕೆ ಇವತ್ತಿಗೂ ಡೊಮಿಸೈಲೇ ಆಧಾರ. ಎರಡನ್ನೂ ಕಲಸಬೇಡಿ.

ಸ್ಥಿರ ಆಸ್ತಿಗೆ ಅದು ಇರುವ ಊರಿನ ಕಾನೂನು. ಜಯನಗರದ ಸೈಟಿಗೆ ಸ್ಕಾಟ್ಲೆಂಡಿನ ಲೆಜಿಟಿಮ್ ತಾಕುವುದಿಲ್ಲ. ಆದರೆ ಅಲ್ಲಿ ನಮ್ಮ ಕಾನೂನು ತಾಕುತ್ತದೆ. ಹಿಂದೂ ಕುಟುಂಬದಲ್ಲಿ ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದ ಬಂದ ಪಾಲನ್ನು ನಿಮ್ಮ ವಿಲ್ ಕಿತ್ತುಕೊಳ್ಳಲಾರದು. ಬೆಂಗಳೂರಿನ ಬ್ಯಾಂಕ್ ಲಾಕರಿನಲ್ಲಿರುವ ಒಡವೆಯಾದರೋ ಚರ ಆಸ್ತಿ. ನಿಮ್ಮ ಡೊಮಿಸೈಲ್ ಸ್ಕಾಟ್ಲೆಂಡ್ ಆಗಿದ್ದರೆ ಅದೂ ಅಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ಆಮೇಲೆ: ಎರಡು ಪಟ್ಟಿ ಬರೆಯಿರಿ

ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಎಳೆಯಿರಿ. ಒಂದು ಕಡೆ ಸ್ಥಿರ ಆಸ್ತಿ: ಮನೆ, ಫ್ಲಾಟ್, ಅಂಗಡಿಯ ಕಟ್ಟಡ, ಜಮೀನು. ಇನ್ನೊಂದು ಕಡೆ ಚರ ಆಸ್ತಿ: ಬ್ಯಾಂಕಿನ ದುಡ್ಡು, ಐಸಾ ಖಾತೆ (ಬ್ರಿಟನ್ನಿನ ತೆರಿಗೆ ಇಲ್ಲದ ಉಳಿತಾಯ), ಪ್ರೀಮಿಯಂ ಬಾಂಡ್ (ಅಲ್ಲಿನ ಸರ್ಕಾರಿ ಉಳಿತಾಯ ಬಾಂಡ್), ಷೇರು, ಕಾರು, ಚಿನ್ನ, ಮನೆಯ ಸಾಮಾನು, ನಿಮಗೆ ಬರಬೇಕಾದ ಸಾಲ. ಮಕ್ಕಳ ಹಕ್ಕು ಇರುವುದು ಎರಡನೇ ಪಟ್ಟಿಯ ಮೇಲೆ ಮಾತ್ರ.

ತಪ್ಪು ಆಗುವ ಜಾಗಗಳು ಕೆಲವಿವೆ. ನಿಮ್ಮ ಕಂಪನಿ ಹೆಸರಿನಲ್ಲಿ ನಾಲ್ಕು ಫ್ಲಾಟ್ ಇವೆ ಅಂದುಕೊಳ್ಳಿ. ನಿಮ್ಮ ಕೈಲಿರುವುದು ಕಂಪನಿಯ ಷೇರು, ಫ್ಲಾಟ್ ಅಲ್ಲ. ಅದು ಚರ. ಪಾಲುದಾರಿಕೆಯಲ್ಲಿ ನಡೆಸುವ ರೆಸ್ಟೋರೆಂಟಿನ ಪಾಲೂ ಅಷ್ಟೇ. ಜೀವ ವಿಮೆಯ ದುಡ್ಡು ನಿಮ್ಮ ಎಸ್ಟೇಟಿಗೆ, ಅಂದರೆ ನೀವು ಬಿಟ್ಟುಹೋಗುವ ಒಟ್ಟು ಆಸ್ತಿಗೆ, ಬರುವಂತಿದ್ದರೆ ಚರ ಆಸ್ತಿಗೆ ಸೇರುತ್ತದೆ. ಟ್ರಸ್ಟಿನಲ್ಲಿ ಬರೆದಿಟ್ಟಿದ್ದರೆ ಲೆಕ್ಕದ ಹೊರಗೆ. ಪಿಂಚಣಿ ಯೋಜನೆಯ ಸಾವಿನ ನಂತರದ ಮೊತ್ತ ಯಾರಿಗೆ ಎಂದು ಬಹುತೇಕ ಟ್ರಸ್ಟಿಗಳೇ ತೀರ್ಮಾನಿಸುತ್ತಾರೆ, ಹಾಗಿದ್ದಾಗ ಅದೂ ಹೊರಗೆ. ಜಂಟಿ ಬ್ಯಾಂಕ್ ಖಾತೆ ಇದ್ದರೆ ಬದುಕಿರುವವರಿಗೆ ಎಲ್ಲವೂ ಸೇರಿಬಿಡುತ್ತದೆ ಎಂಬ ನಂಬಿಕೆ ಸ್ಕಾಟ್ಲೆಂಡಿನಲ್ಲಿ ನಡೆಯುವುದಿಲ್ಲ. ಬ್ಯಾಂಕ್ ದುಡ್ಡು ಕೊಡಬಹುದು. ಆದರೆ ಅದರಲ್ಲಿ ನೀವು ಹಾಕಿದ್ದು ಎಷ್ಟೋ ಅಷ್ಟು ನಿಮ್ಮ ಎಸ್ಟೇಟಿನ ಲೆಕ್ಕಕ್ಕೆ ಬರುತ್ತದೆ.

ಸಾಲವನ್ನೂ ಸರಿಯಾದ ಕಡೆ ಬರೆಯಿರಿ. ಮನೆ ಸಾಲ ಮನೆಯ ಬೆಲೆಯಿಂದ ಕಳೆಯುತ್ತದೆ, ಬ್ಯಾಂಕಿನ ದುಡ್ಡಿನಿಂದ ಅಲ್ಲ. ಕ್ರೆಡಿಟ್ ಕಾರ್ಡ್ ಬಾಕಿ, ಅಂತ್ಯಕ್ರಿಯೆಯ ಖರ್ಚು ಇಂಥವು ಚರ ಆಸ್ತಿಯಿಂದ ಕಳೆಯುತ್ತವೆ.

ಪಾಲಿನ ಲೆಕ್ಕ

ಗಂಡ ಅಥವಾ ಹೆಂಡತಿ ಬದುಕಿದ್ದರೆ ಚರ ಆಸ್ತಿಯ ಮೂರನೇ ಒಂದು ಭಾಗ ಅವರ ಹಕ್ಕು, ಇನ್ನೊಂದು ಮೂರನೇ ಭಾಗ ಎಲ್ಲ ಮಕ್ಕಳಿಗೂ ಸೇರಿ. ಸಂಗಾತಿ ಇಲ್ಲದಿದ್ದರೆ ಮಕ್ಕಳೆಲ್ಲರಿಗೂ ಸೇರಿ ಅರ್ಧ. ಉಳಿದದ್ದನ್ನು ನಿಮ್ಮಿಷ್ಟಕ್ಕೆ ಬರೆಯಬಹುದು.

ಉದಾಹರಣೆಗೆ ಸಾಲ ಕಳೆದು ಚರ ಆಸ್ತಿ 96,000 ಪೌಂಡ್. ಹೆಂಡತಿ ಇದ್ದಾರೆ, ಮಕ್ಕಳು ಇಬ್ಬರು. ಮಕ್ಕಳ ನಿಧಿ, ಅಂದರೆ ಎಲ್ಲ ಮಕ್ಕಳಿಗೂ ಸೇರಿದ ಪಾಲು, 32,000. ಒಬ್ಬರ ಪಾಲು 16,000. ಹೆಂಡತಿ ಇಲ್ಲದಿದ್ದರೆ ನಿಧಿ 48,000, ಒಬ್ಬರಿಗೆ 24,000. ಕೈಬಿಟ್ಟ ಮಗ ಮಾತ್ರ ಹಕ್ಕು ಕೇಳಿ, ಮಗಳು ವಿಲ್‌ನಲ್ಲಿ ಕೊಟ್ಟಿದ್ದನ್ನು ಒಪ್ಪಿಕೊಂಡರೆ ಅವನಿಗೆ ಪೂರ್ತಿ ನಿಧಿ ಸಿಗುವುದಿಲ್ಲ. ಅವನ ಪಾಲಿನ 16,000 ಅಥವಾ 24,000 ಅಷ್ಟೇ. ಪಕ್ಕದಲ್ಲಿ ಐದು ಲಕ್ಷ ಪೌಂಡಿನ ಮನೆ ಇದ್ದರೂ ಅದರಲ್ಲಿ ಅವನಿಗೆ ಏನೂ ಇಲ್ಲ.

ಮಗು ಅಂದರೆ ಯಾರು? ಮದುವೆಯ ಒಳಗೋ ಹೊರಗೋ ಹುಟ್ಟಿದ್ದು, ದತ್ತು ತಗೊಂಡಿದ್ದು, ಎಲ್ಲರೂ ಸಮ. ದತ್ತು ಕೊಟ್ಟ ಮಗುವಿಗೆ ಹೆತ್ತವರ ಆಸ್ತಿಯಲ್ಲಿ ಹಕ್ಕಿಲ್ಲ. ಸಂಗಾತಿಯ ಮೊದಲ ಮದುವೆಯ ಮಗು, ನೀವು ದತ್ತು ಮಾಡಿಕೊಳ್ಳದಿದ್ದರೆ, ಈ ಲೆಕ್ಕದಲ್ಲಿ ಬರುವುದಿಲ್ಲ. ಮಗ ನಿಮಗಿಂತ ಮುಂಚೆ ತೀರಿಕೊಂಡಿದ್ದರೆ ಅವನ ಜಾಗಕ್ಕೆ ಅವನ ಮಕ್ಕಳು ಬಂದು ನಿಲ್ಲುತ್ತಾರೆ. ಇದು 1964ರ ಸಕ್ಸೆಷನ್ ಕಾಯ್ದೆ ತಂದ ನಿಯಮ.

ಏನು ಮಾಡಬಹುದು

ಎಲ್ಲಕ್ಕಿಂತ ಗಟ್ಟಿಯಾದ ದಾರಿ ಹಕ್ಕು ಬಿಡುಗಡೆ ಪತ್ರ. ನೀವು ಬದುಕಿರುವಾಗಲೇ ಮಗ "ನನ್ನ ಲೀಗಲ್ ರೈಟ್ಸ್ ಬಿಟ್ಟುಕೊಟ್ಟಿದ್ದೇನೆ" ಎಂದು ಬರೆದು ಸಹಿ ಹಾಕುವುದು. ಮನೆ ಕೊಳ್ಳಲು ದೊಡ್ಡ ಮೊತ್ತ ಕೊಡುವಾಗ ಇದನ್ನು ಕೇಳುವುದು ಸರಿಯಾದ ಸಮಯ. ಕೊಟ್ಟು ಐದು ವರ್ಷ ಆದ ಮೇಲೆ ಕೇಳಿದರೆ ಯಾರು ಸಹಿ ಹಾಕುತ್ತಾರೆ? ಮಗನಿಗೆ ಅವನದೇ ಸಾಲಿಸಿಟರ್ ಇರಲಿ. ಒಬ್ಬರೇ ವಕೀಲರು ಎರಡೂ ಕಡೆ ನಿಂತರೆ ನಾಳೆ "ನನಗೆ ಗೊತ್ತಿಲ್ಲದೆ ಸಹಿ ಹಾಕಿಸಿಕೊಂಡರು" ಎಂಬ ತಕರಾರಿಗೆ ನೀವೇ ಬಾಗಿಲು ತೆಗೆದಂತೆ. ಇಲ್ಲೊಂದು ಸೂಕ್ಷ್ಮ ಇದೆ. ನೀವು ಬದುಕಿರುವಾಗ ಒಬ್ಬ ಹಕ್ಕು ಬಿಟ್ಟರೆ ಅವನು ಲೆಕ್ಕದಲ್ಲೇ ಇಲ್ಲ, ನಿಧಿ ಉಳಿದ ಮಕ್ಕಳ ನಡುವೆ ಹಂಚಿಹೋಗುತ್ತದೆ. ನೀವು ಸತ್ತ ಮೇಲೆ ಬಿಟ್ಟರೆ ಅವನ ಪಾಲು ಎಸ್ಟೇಟಿಗೆ ಹೋಗುತ್ತದೆ, ಇತರ ಮಕ್ಕಳ ಲೆಜಿಟಿಮ್ ಹೆಚ್ಚುವುದಿಲ್ಲ. ಇಬ್ಬರನ್ನು ಕೈಬಿಡಬೇಕು ಎಂದುಕೊಂಡು ಒಬ್ಬನಿಂದ ಮಾತ್ರ ಸಹಿ ಹಾಕಿಸಿದರೆ ಇನ್ನೊಬ್ಬನ ಪಾಲು ದೊಡ್ಡದಾಗುತ್ತದೆ.

ಸಹಿ ಹಾಕಲು ಒಪ್ಪದವರ ವಿಷಯದಲ್ಲಿ ಉಳಿಯುವುದು ಆಸ್ತಿಯ ರೂಪ. ದುಡ್ಡನ್ನು ಮನೆಯಾಗಿ ಬದಲಾಯಿಸಿದರೆ ಅದು ಲೆಕ್ಕದ ಹೊರಗೆ ಹೋಗುತ್ತದೆ. ಬ್ಯಾಂಕಿನ ದುಡ್ಡಿನಲ್ಲಿ ಮನೆ ಸಾಲ ತೀರಿಸುವುದೂ ಅದೇ ಕೆಲಸ ಮಾಡುತ್ತದೆ. ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ಉಲ್ಟಾ ಹೊಡೆಯುವುದೂ ಇಲ್ಲೇ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಗಂಡ ತೀರಿಕೊಂಡ ತಾಯಿ. ಒಬ್ಬ ಮಗ, ಒಬ್ಬಳು ಮಗಳು. 2,40,000 ಪೌಂಡಿನ ಫ್ಲಾಟ್, ಬ್ಯಾಂಕಿನಲ್ಲಿ 20,000. ವಿಲ್‌ನಲ್ಲಿ ಎಲ್ಲವೂ ಮಗಳಿಗೆ. ಇವತ್ತು ತಾಯಿ ತೀರಿಕೊಂಡರೆ ಮಕ್ಕಳ ನಿಧಿ 10,000, ಮಗ ಕೇಳಬಹುದಾದದ್ದು 5,000. ಈಗ ತಾಯಿಗೆ ಮೈಯಲ್ಲಿ ಶಕ್ತಿ ಇಲ್ಲ, ಫ್ಲಾಟ್ ಮಾರಿ ಕೇರ್ ಹೋಮಿಗೆ (ವಯಸ್ಸಾದವರನ್ನು ನೋಡಿಕೊಳ್ಳುವ ಮನೆ) ಸೇರುತ್ತಾರೆ. ಕೆಲವೇ ತಿಂಗಳಿಗೆ ತೀರಿಕೊಳ್ಳುತ್ತಾರೆ. ಖರ್ಚೆಲ್ಲ ಹೋಗಿ ಬ್ಯಾಂಕಿನಲ್ಲಿ 2,20,000 ಉಳಿದಿದೆ. ಈಗ ನಿಧಿ 1,10,000. ಮಗನ ಹಕ್ಕು 55,000. ವಿಲ್‌ನ ಒಂದು ಅಕ್ಷರವೂ ಬದಲಾಗಿಲ್ಲ. ಫ್ಲಾಟನ್ನೇ ಹೆಸರಿಸಿ "ಇದು ಮಗಳಿಗೆ" ಎಂದು ಬರೆದಿದ್ದರೆ ಇನ್ನೂ ಕಷ್ಟ. ಫ್ಲಾಟ್ ಇಲ್ಲವಾದ್ದರಿಂದ ಆ ಸಾಲೇ ಬಿದ್ದುಹೋಗುತ್ತದೆ. ಮಾರಾಟದ ಒಪ್ಪಂದ, ಅಂದರೆ ಅಲ್ಲಿ ಮಿಸ್ಸಿವ್ಸ್ ಎನ್ನುವ ಪತ್ರಗಳು ಪಕ್ಕಾ ಆದ ಮೇಲೆ, ಕೀಲಿ ಕೊಡುವ ಮುಂಚೆ ಸತ್ತರೂ ಬರಬೇಕಾದ ಬೆಲೆಯನ್ನು ಚರ ಆಸ್ತಿ ಎಂದೇ ನೋಡುತ್ತಾರೆ. ಸತ್ತ ಮೇಲೆ ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡುವವರು) ಮನೆ ಮಾರಿದರೆ ಮಾತ್ರ ಏನೂ ತೊಂದರೆ ಇಲ್ಲ, ಲೆಕ್ಕ ಸತ್ತ ದಿನದ್ದು. ಆದ್ದರಿಂದ ಮನೆ ಮಾರುವ ಮಾತು ಬಂದಾಗೆಲ್ಲ ವಿಲ್ ತೆಗೆದು ನೋಡಬೇಕು.

ಬದುಕಿರುವಾಗಲೇ ಕೊಟ್ಟುಬಿಡುವುದು ಇನ್ನೊಂದು ದಾರಿ. ನಿಜವಾಗಿ ಕೊಟ್ಟ ಉಡುಗೊರೆಯನ್ನು ಸ್ಕಾಟ್ಲೆಂಡಿನಲ್ಲಿ ಲೆಜಿಟಿಮ್ ಹೆಸರಿನಲ್ಲಿ ವಾಪಸ್ ಎಳೆಯಲು ಬರುವುದಿಲ್ಲ. ಆದರೆ ನಿಜವಾಗಿ ಕೊಡಬೇಕು. ಹೆಸರಿಗೆ ಮಗಳಿಗೆ ಕೊಟ್ಟು ಬಡ್ಡಿ ನೀವೇ ತಿನ್ನುತ್ತಿದ್ದರೆ ಅದು ಉಡುಗೊರೆ ಅಲ್ಲ. ಕೊಟ್ಟು ಏಳು ವರ್ಷದೊಳಗೆ ಸತ್ತರೆ ಇನ್‌ಹೆರಿಟೆನ್ಸ್ ಟ್ಯಾಕ್ಸ್ ಲೆಕ್ಕಕ್ಕೆ ಬರಬಹುದು, 3,25,000 ಪೌಂಡಿನ ಮಿತಿಯ ಮೇಲಿದ್ದರೆ. ಕೇರ್ ಹೋಮ್ ಖರ್ಚು ತಪ್ಪಿಸಲು ಕೊಟ್ಟಿದ್ದು ಎಂದು ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅನ್ನಿಸಿದರೆ, ಆ ದುಡ್ಡು ಇನ್ನೂ ನಿಮ್ಮ ಹತ್ತಿರವೇ ಇದೆ ಎಂದು ಲೆಕ್ಕ ಹಾಕಬಹುದು. ಎಲ್ಲಕ್ಕಿಂತ ಮುಖ್ಯ, ನಿಮ್ಮ ಊಟಕ್ಕೆ, ಔಷಧಿಗೆ ಉಳಿಸಿಕೊಳ್ಳಿ. ಒಬ್ಬ ಮಗನ ಮೇಲಿನ ಸಿಟ್ಟಿಗೆ ಇನ್ನೊಬ್ಬಳ ಮುಂದೆ ಕೈಚಾಚುವ ಸ್ಥಿತಿ ತಂದುಕೊಳ್ಳುವುದು ಬುದ್ಧಿವಂತಿಕೆ ಅಲ್ಲ.

ಮೊದಲೇ ಕೊಟ್ಟ ದುಡ್ಡಿಗೂ ಒಂದು ಲೆಕ್ಕ ಇದೆ, ಅದಕ್ಕೆ ಕೊಲೇಷನ್ ಎಂದು ಹೆಸರು. ಮಕ್ಕಳು ಇಬ್ಬರೂ ಲೆಜಿಟಿಮ್ ಕೇಳುತ್ತಿದ್ದಾರೆ, ನಿಧಿ 32,000, ಮಗನಿಗೆ ನೀವು ಹಿಂದೆ ವ್ಯಾಪಾರಕ್ಕೆಂದು 20,000 ಕೊಟ್ಟಿದ್ದಿರಿ. ಎರಡನ್ನೂ ಕೂಡಿಸಿ 52,000, ಒಬ್ಬರಿಗೆ 26,000. ಮಗನಿಗೆ ಆಗಲೇ 20,000 ಹೋಗಿದೆ, ಹಾಗಾಗಿ ಈಗ 6,000, ಮಗಳಿಗೆ 26,000. ಇದು ಲೆಜಿಟಿಮ್ ಕೇಳುವ ಮಕ್ಕಳ ನಡುವೆ ಮಾತ್ರ. ಅವನೊಬ್ಬನೇ ಕೇಳಿದರೆ ಹಳೆಯ ದುಡ್ಡು ಅಡ್ಡ ಬರುವುದಿಲ್ಲ. ಮತ್ತೆ, "ಓದಿಸಲು ಎಷ್ಟು ಸುರಿದಿದ್ದೇವೆ ಗೊತ್ತಾ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಓದು, ಊಟ, ಸಾಕಿದ ಖರ್ಚು ಇದರಲ್ಲಿ ಸೇರುವುದಿಲ್ಲ.

ನನ್ನ ಮಟ್ಟಿಗೆ ಎಷ್ಟೋ ಮನೆಗಳಿಗೆ ಒಪ್ಪುವ ದಾರಿ ಬೇರೆ ಇದೆ. ಪೂರ್ತಿ ಕೈಬಿಡಬೇಡಿ, ಹಕ್ಕಿನ ಪಾಲಿಗಿಂತ ಸ್ವಲ್ಪ ಹೆಚ್ಚು ಬರೆಯಿರಿ. ವಿಲ್‌ನಲ್ಲಿ ಕೊಟ್ಟಿದ್ದನ್ನೂ ಲೀಗಲ್ ರೈಟ್ಸನ್ನೂ ಎರಡೂ ತಗೊಳ್ಳಲು ಸಾಮಾನ್ಯವಾಗಿ ಬರುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಲೆಕ್ಕದ ಪ್ರಕಾರ 16,000 ಬರುವ ಮಗನಿಗೆ 20,000 ಬರೆದಿಟ್ಟರೆ ಅವನು ಜಗಳಕ್ಕೆ ಬರಲು ಕಾರಣವೇ ಇರುವುದಿಲ್ಲ. ಉಳಿದದ್ದು ನೀವು ಬಯಸಿದವರಿಗೆ ಸುಮ್ನೆ ಸೇರುತ್ತದೆ.

ಎಲ್ಲವೂ ಸಂಗಾತಿಗೆ ಎಂದು ಬರೆದಿದ್ದರೆ

ಇಲ್ಲೊಂದು ವಿಚಿತ್ರ ಇದೆ. ವಿಲ್ ಇಲ್ಲದೆ ಸತ್ತರೆ ಸಂಗಾತಿಗೆ ಲೀಗಲ್ ರೈಟ್ಸ್‌ಗಿಂತ ಮುಂಚೆ ಪ್ರಯರ್ ರೈಟ್ಸ್ ಎಂಬ ಹಕ್ಕು ಸಿಗುತ್ತದೆ. ಅವರು ವಾಸ ಇದ್ದ ಮನೆ 4,73,000 ಪೌಂಡಿನವರೆಗೆ, ಸಾಮಾನು 29,000ದವರೆಗೆ, ಮಕ್ಕಳಿದ್ದರೆ 50,000 ನಗದು. ಇವೆಲ್ಲ ತೆಗೆದ ಮೇಲೆ ಉಳಿದ ಚರ ಆಸ್ತಿಯಲ್ಲೇ ಮಕ್ಕಳ ಲೆಕ್ಕ.

ಮನೆ 2,80,000, ಬ್ಯಾಂಕಿನಲ್ಲಿ 60,000, ಸಾಮಾನು 5,000 ಇದೆ ಅನ್ನಿ. "ಎಲ್ಲವೂ ಹೆಂಡತಿಗೆ" ಎಂದು ವಿಲ್ ಇದ್ದರೆ ಮಕ್ಕಳು 65,000ದ ಮೂರನೇ ಒಂದು ಭಾಗ, ಸುಮಾರು 21,667 ಕೇಳಬಹುದು. ವಿಲ್ ಇಲ್ಲದಿದ್ದರೆ ಮನೆ, ಸಾಮಾನು, 50,000 ಹೆಂಡತಿಗೆ ಹೋಗಿ ಉಳಿಯುವುದು 10,000. ಅದರಲ್ಲಿ ಮೂರನೇ ಒಂದು ಭಾಗ ಮತ್ತೆ ಹೆಂಡತಿಗೆ. ಮಿಕ್ಕ ಎರಡು ಭಾಗ ಮಕ್ಕಳಿಗೆ, ಎಲ್ಲ ಸೇರಿ ಸುಮಾರು 6,667. ವಿಲ್ ಬರೆದಿದ್ದೇ ಹೆಂಡತಿಗೆ ನಷ್ಟ! 1968ರ ಕೆರ್ ಪ್ರಕರಣದಲ್ಲಿ ಇಂಥದೇ ಸ್ಥಿತಿಯಲ್ಲಿದ್ದ ವಿಧವೆ ವಿಲ್‌ನಲ್ಲಿ ತನಗೆ ಬಂದದ್ದನ್ನು ಬೇಡ ಎಂದುಬಿಟ್ಟರು. ಹಾಗಾಗಿ ವಿಲ್ ಇಲ್ಲದಂತೆಯೇ ಆಗಿ ಪ್ರಯರ್ ರೈಟ್ಸ್ ಸಿಕ್ಕಿತು. ಈ ದಾರಿ ತೆರೆದಿರಬೇಕಾದರೆ "ಹೆಂಡತಿ ಇಲ್ಲದಿದ್ದರೆ ಇಂಥವರಿಗೆ" ಎಂದು ಮುಂದಿನ ಹೆಸರು ವಿಲ್‌ನಲ್ಲಿ ಇರಬಾರದು, ಇದ್ದರೆ ಆಸ್ತಿ ಅವರಿಗೆ ಹೋಗುತ್ತದೆ. ಆದರೆ ಮುಂದಿನ ಹೆಸರು ಇಲ್ಲದ ವಿಲ್ ಬೇರೆ ತೊಂದರೆ ತರುತ್ತದೆ. ವಕೀಲರ ಜೊತೆ ಕೂತು ಎರಡನ್ನೂ ತೂಗಿ ನೋಡಬೇಕಾದ ವಿಷಯ ಇದು.

ವಿಲ್ ಬರೆಯುವಾಗ

ಸ್ಕಾಟ್ಲೆಂಡಿನಲ್ಲಿ 12 ವರ್ಷ ತುಂಬಿದವರೂ ವಿಲ್ ಮಾಡಬಹುದು. ಪ್ರತಿ ಪುಟಕ್ಕೂ ಸಹಿ ಹಾಕಿ, ಕೊನೆಯಲ್ಲೂ ಹಾಕಿ. 16 ದಾಟಿದ ಒಬ್ಬರು ಸಾಕ್ಷಿ ಸಾಕು. ವಿಲ್‌ನಿಂದ ಲಾಭ ಪಡೆಯುವವರನ್ನು ಕರೆಯಬೇಡಿ. ಭಾರತದಲ್ಲಿ ಇಬ್ಬರು ಸಾಕ್ಷಿ ಬೇಕು. ಊರಲ್ಲಿ ಸೈಟೋ ತೋಟವೋ ಇದ್ದರೆ ಅದಕ್ಕೆ ಅಲ್ಲಿನ ರೀತಿಯಲ್ಲೇ ಬೇರೆ ವಿಲ್ ಮಾಡುವುದು ಒಳ್ಳೆಯದು. ಆಗ "ಹಿಂದಿನ ಎಲ್ಲ ವಿಲ್‌ಗಳನ್ನು ರದ್ದು ಮಾಡಿದ್ದೇನೆ" ಎಂಬ ಮಾಮೂಲಿ ಸಾಲಿನ ಮೇಲೆ ಕಣ್ಣಿಡಿ. ಒಂದು ವಿಲ್ ಇನ್ನೊಂದನ್ನು ನುಂಗಿಬಿಡುತ್ತದೆ.

ಮಗುವನ್ನು ಬೇಕೆಂದೇ ಬಿಟ್ಟಿದ್ದೀರಿ ಎಂದು ಒಂದು ತಣ್ಣನೆಯ ವಾಕ್ಯದಲ್ಲಿ ಬರೆಯಿರಿ. ಬೈಗುಳ ಬೇಡ. ಸತ್ತ ಮೇಲೆ ವಿಲ್ ಎಲ್ಲರೂ ನೋಡಬಹುದಾದ ದಾಖಲೆ ಆಗುತ್ತದೆ. ಕಾರಣ ಹೇಳಲೇಬೇಕು ಅನ್ನಿಸಿದರೆ ಬೇರೆ ಪತ್ರದಲ್ಲಿ ಬರೆದು ಎಕ್ಸಿಕ್ಯೂಟರ್ ಕೈಗೆ ಕೊಡಿ.

ವಿಲ್ ಮಾಡಿದ ಮೇಲೆ ಮಗು ಹುಟ್ಟಿದರೆ ಹೊಸ ವಿಲ್ ಮಾಡಿ. ಆ ಮಗುವಿನ ಬಗ್ಗೆ ಏನೂ ಹೇಳದ ಹಳೆಯ ವಿಲ್ ಇದ್ದರೆ, ಇಡೀ ವಿಲ್ಲನ್ನೇ ರದ್ದು ಮಾಡಿ ಎಂದು ಆ ಮಗುವಿನ ಪರವಾಗಿ ಕೇಳಬಹುದು. ನೀವು ಯೋಚಿಸಿಯೇ ಬಿಟ್ಟಿದ್ದೀರಿ ಎಂದು ತೋರಿಸುವ ಹೊರೆ ಉಳಿದವರ ಮೇಲೆ ಬೀಳುತ್ತದೆ. ರದ್ದಾದರೆ ಮನೆಯೂ ಹಂಚಿಕೆಗೆ ಬರುತ್ತದೆ, ಚರ ಆಸ್ತಿ ಮಾತ್ರ ಅಲ್ಲ.

ಎಕ್ಸಿಕ್ಯೂಟರ್ ಆಗುವವರಿಗೆ ಹೇಳಿಡಬೇಕಾದದ್ದು

ಕೈಬಿಟ್ಟ ಮಗನಿಗೆ "ನಿನಗೆ ಹೀಗೊಂದು ಹಕ್ಕಿದೆ" ಎಂದು ಎಕ್ಸಿಕ್ಯೂಟರ್ ತಿಳಿಸಬೇಕು, ಅವನು ಕೇಳಲಿ ಎಂದು ಕಾಯುತ್ತಾ ಕೂರುವಂತಿಲ್ಲ. ಬೇಡ ಎಂದರೆ ಬರಹದಲ್ಲಿ ಬಿಡುಗಡೆ ತಗೊಳ್ಳಬೇಕು. ಉತ್ತರ ಬರದಿದ್ದರೆ ಆ ಪಾಲಿನಷ್ಟು ದುಡ್ಡು ತೆಗೆದಿಡಬೇಕು. ಯಾಕೆಂದರೆ ಈ ಹಕ್ಕು 20 ವರ್ಷದವರೆಗೆ ಜೀವಂತ. ಎಲ್ಲವನ್ನೂ ಹಂಚಿದ ಮೇಲೆ ಹನ್ನೆರಡನೇ ವರ್ಷ ಅವನು ಬಾಗಿಲು ಬಡಿದರೆ ಎಕ್ಸಿಕ್ಯೂಟರ್ ಸ್ವಂತ ಜೇಬಿನಿಂದ ಕೊಡಬೇಕಾಗಬಹುದು, ಬಡ್ಡಿಯೂ ಸೇರಬಹುದು. ಮಗ ಕೇಳುವ ಮುಂಚೆ ತೀರಿಕೊಂಡರೂ ಹಕ್ಕು ಅವನ ವಾರಸುದಾರರಿಗೆ ಹೋಗುತ್ತದೆ. ಮಗು 16ಕ್ಕಿಂತ ಚಿಕ್ಕದಾಗಿದ್ದು 20,000 ಪೌಂಡಿಗಿಂತ ಹೆಚ್ಚು ಕೊಡಬೇಕಿದ್ದರೆ ಅಕೌಂಟೆಂಟ್ ಆಫ್ ಕೋರ್ಟ್ ಎಂಬ ನ್ಯಾಯಾಲಯದ ಅಧಿಕಾರಿಯ ಕಚೇರಿಯ ನಿರ್ದೇಶನ ಕೇಳಬೇಕು.

ಕಾನೂನು ಸುಧಾರಣೆಗೆ ಸಲಹೆ ಕೊಡುವ ಸ್ಕಾಟಿಷ್ ಲಾ ಕಮಿಷನ್ 2009ರಲ್ಲಿ ಈ ಪದ್ಧತಿಯನ್ನೇ ಬದಲಿಸಲು ಶಿಫಾರಸು ಮಾಡಿತ್ತು. ವಯಸ್ಸಿಗೆ ಬಂದ ಮಕ್ಕಳ ಹಕ್ಕನ್ನು ತೆಗೆದುಬಿಡುವುದೂ ಅದರಲ್ಲಿ ಒಂದು ಆಯ್ಕೆ. ಮಕ್ಕಳ ಹಕ್ಕಿನ ವಿಷಯದಲ್ಲಿ ಅದು ಜಾರಿಗೆ ಬರಲಿಲ್ಲ. ಹಾಗಾಗಿ ಮೇಲಿನ ಲೆಕ್ಕವೇ ಇವತ್ತಿನ ಲೆಕ್ಕ.

ಸಲಹೆ ಕೇಳುವುದಾದರೆ ಸ್ಕಾಟ್ಲೆಂಡಿನ ಸಾಲಿಸಿಟರನ್ನೇ ಕೇಳಿ. ಲಾ ಸೊಸೈಟಿ ಆಫ್ ಸ್ಕಾಟ್ಲೆಂಡಿನ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ಹುಡುಕಬಹುದು. ಇಂಗ್ಲೆಂಡಿನ ವಕೀಲರು ಎಷ್ಟೇ ಒಳ್ಳೆಯವರಾದರೂ ಇದು ಅವರ ಕಾನೂನಲ್ಲ. ಆನ್‌ಲೈನಿನಲ್ಲಿ ಸಿಗುವ ವಿಲ್ ನಮೂನೆ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾಡಿದ್ದಾಗಿದ್ದರೆ ಅದನ್ನು ಬಳಸಬೇಡಿ. ಹೋಗುವಾಗ ಆ ಎರಡು ಪಟ್ಟಿ, ಮನೆಯ ಟೈಟಲ್ ಪತ್ರ, ವಿಮೆ ಮತ್ತು ಪಿಂಚಣಿ ಕಾಗದ, ಮಕ್ಕಳಿಗೆ ಹಿಂದೆ ಕೊಟ್ಟ ದುಡ್ಡಿನ ವಿವರ ಇವನ್ನೆಲ್ಲ ಜೊತೆಗೆ ಒಯ್ಯಿರಿ.